ಕೇಳದೆ ಕೊಟ್ಟ ತೀರ್ಪು

ಕಲ್ಯಾಣಪ್ಪ ಸರ್ ಅವರಿಗೆ,

ಯಶೋಧರಾಳ ನಮಸ್ಕಾರ. ಇದು ಅಭ್ಯಾಸಬಲದಿಂದ ಬರೆದದ್ದು, ಹೆಚ್ಚು ಹಿಗ್ಗಬೇಡಿ. ನನಗೆ ನಿಮ್ಮ ಮೇಲೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿದೆ.

ನಮ್ಮ ಪಂದ್ಯಗಳಿಗೆ ಸ್ಕೋರ್ ಬರೆಯುವ ತಾರಿಖ್ ನಿನ್ನೆ ಫೋನ್ ಮಾಡಿ ನೀವು ಹೇಳಿಕಳಿಸಿದ್ದನ್ನು ಒಪ್ಪಿಸಿದ. "ಯಶೋಧರಾ ಬಂದು, ಫೈನಲ್‌ದಾಗ ನನಗ ಎದುರ ಬಂದಿದ್ದಕ್ಕ ತಪ್ಪಾತ್ರೀ ಅಂತ ಒಂದ ಮಾತ ಅಂದ್ರ ಐತವಾರದ ಮ್ಯಾಚ್ ಆಕಿಗೇ. ಇಲ್ಲಂದ್ರ ಸೀಟಿ ಊದಾಕ ಬ್ಯಾರೆಯವರು ಅದಾರ." ಯಾವ ಪಂದ್ಯಕ್ಕೆ ಯಾರು ರೆಫರಿ ಎಂಬುದು ನಿಮ್ಮ ಕೈಯಲ್ಲಿದೆ, ಒಪ್ಪಿದೆ. ತಪ್ಪು ಯಾರದು ಎಂಬುದೂ ನಿಮ್ಮ ಕೈಯಲ್ಲೇ ಇದೆಯೇ?

ಏನಾಯಿತೆಂದು ನಿಮಗೆ ನೆನಪಿಸುತ್ತೇನೆ. ಕಲಬುರಗಿಯಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ಫೈನಲ್, ಕೊನೆಯ ನಿಮಿಷ, ಕಮಲಾಪುರ ಒಂದು ಪಾಯಿಂಟ್ ಹಿಂದೆ. ಕಮಲಾಪುರದ ಅಂಬಿಕಾ ಚೆಂಡು ಹಿಡಿದು ಬುಟ್ಟಿಯತ್ತ ನುಗ್ಗಿದಳು, ಎದುರು ತಂಡದ ಹುಡುಗಿ ಅಡ್ಡ ಬಂದಳು, ಇಬ್ಬರೂ ದಬ್ಬನೆ ಬಿದ್ದರು. ಬುಟ್ಟಿಯ ಕೆಳಗಿದ್ದ ನಾನೂ ನಡುಗೆರೆಯ ಹತ್ತಿರವಿದ್ದ ನೀವೂ ಒಟ್ಟಿಗೇ ಸೀಟಿ ಊದಿದೆವು. ಅಡ್ಡ ಬಂದವಳ ಕಾಲು ಇನ್ನೂ ನಿಂತಿರಲಿಲ್ಲ, ಹಾಗಾಗಿ ನನಗೆ ತಪ್ಪು ಅವಳದೆಂದು ಕಂಡಿತು. ನಿಮಗೆ ನುಗ್ಗಿದ ಅಂಬಿಕಾಳದೇ ತಪ್ಪೆಂದು ಕಂಡಿತು. ಆಕೆಯ ಲೆಕ್ಕಕ್ಕೆ ಆಗಲೇ ನಾಲ್ಕು ಫೌಲ್ ಬಿದ್ದಿದ್ದವು, ಐದನೆಯದು ಬಿದ್ದರೆ ಹೊರಗೆ.

ಇಬ್ಬರಿಗೆ ಎರಡು ಥರ ಕಾಣುವುದು ಪಾಪವಲ್ಲ. ಹಾಗೆಂದು ಕಲಿಸಿದವರೇ ನೀವು. ಕಮಲಾಪುರದ ಮಣ್ಣಿನ ಮೈದಾನದಲ್ಲಿ ನನ್ನನ್ನೂ ನನ್ನ ಜೊತೆ ಕಲಿಯುತ್ತಿದ್ದ ಮಾನಮ್ಮನನ್ನೂ ಎರಡು ಮೂಲೆಗೆ ನಿಲ್ಲಿಸಿ ಹೇಳುತ್ತಿದ್ದಿರಿ: "ಕೂಡೇ ಸೀಟಿ ಬಿತ್ತಂದ್ರ ಮೊದಲ ಮುಷ್ಟಿ ಮ್ಯಾಲ. ಆಮ್ಯಾಲ ಒಬ್ಬರ ಮಾರಿ ಒಬ್ಬರು ನೋಡ್ರಿ, ಮಾತಾಡ್ರಿ. ಕೈಸನ್ನಿ ಎಲ್ಲಾದಕ್ಕಿಂತ ಕಡೀಕ." ಮುಖ ನೋಡದೆ ಯಾರಾದರೂ ಅವಸರದಿಂದ ಸನ್ನೆ ಮಾಡಿದರೆ ಅದೇ ಸನ್ನೆಯಲ್ಲಿ ಮೈದಾನ ಸುತ್ತುವ ಶಿಕ್ಷೆ. ಅಡ್ಡಗಟ್ಟಿದ ತಪ್ಪಿಗೆ ಸನ್ನೆ ಎಂದರೆ ಎರಡೂ ಕೈ ಸೊಂಟಕ್ಕೆ. ನಾನು ಹಾಗೆ ಓಡುವಾಗ ಮಹಾಗಾಂವದ ಟೆಂಪೋದಲ್ಲಿದ್ದವರು, "ಏ ಹುಡುಗಿ, ಕೊಡ ಎಲ್ಲಿ ಬಿಟ್ಟಿ?" ಎಂದು ಕೂಗಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಆ ಪಾಠ ನನ್ನ ಎಲುಬಿಗೆ ಇಳಿದಿದೆ ಸರ್.

ಅವತ್ತು ನಾನು ಮುಷ್ಟಿ ಎತ್ತಿ ನಿಮ್ಮ ಮುಖ ನೋಡಿದೆ. ನೀವು ನೋಡಲಿಲ್ಲ. ಮುಷ್ಟಿಯಿಂದ ಅಂಗೈಗೆ ಗುದ್ದಿ ಅಂಬಿಕಾಳ ಫೌಲ್ ಎಂದು ಸನ್ನೆ ಮಾಡುತ್ತ ಟೇಬಲ್ಲಿನ ಕಡೆ ಹೊರಟೇಬಿಟ್ಟಿರಿ. ನಾನು ಹತ್ತಿರ ಬಂದರೆ, ನಾಯಿಯನ್ನು ಸುಮ್ಮನಿರಿಸುವಂತೆ ಅಂಗೈ ತೋರಿಸಿ "ಸುಮ್ ನಿಂದ್ರು" ಅಂದಿರಿ. ನೆಲದಿಂದ ಇನ್ನೂ ಏಳುತ್ತಿದ್ದ ಅಂಬಿಕಾ ಒಬ್ಬಳನ್ನು ಬಿಟ್ಟು ಇಡೀ ಮೈದಾನ ನೋಡಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಯಾಕೆ ಹಾಗೆ ಮಾಡಿದಿರೆಂದು ನನಗೆ ಗೊತ್ತು. ಎದುರು ತಂಡದ ಕೋಚ್ ನೀಲಕಂಠ ಮೊದಲಿನಿಂದಲೂ ಅರಚುತ್ತಿದ್ದ: "ರೆಫರಿ ಇಬ್ಬರೂ ಕಮಲಾಪುರದವರೇ ಅದಾರಲ್ರೀ! ನಾವು ಯಾಕ ಆಡಬೇಕು?" ಆ ಮಾತು ನಿಮಗೆ ನಾಟಿತು. ನೀವು ಪಕ್ಷಪಾತಿಯಲ್ಲ ಎಂದು ಅವನಿಗೆ ತೋರಿಸುವ ಹಟಕ್ಕೆ ಆ ಹುಡುಗಿ ಬೆಂಚಿಗೆ ಹೋದಳು, ಕಮಲಾಪುರ ಸೋತಿತು. ಸಾಲದ್ದಕ್ಕೆ ಸೂಪರ್ ಮಾರ್ಕೆಟ್ಟಿನ ಹೋಟೆಲಿನಲ್ಲಿ ಎಲ್ಲರ ಮುಂದೆ ಮಿರ್ಚಿ ಭಜಿ ಕಡಿಯುತ್ತ, "ಪಾಪ, ತನ್ನೂರ ಹುಡುಗಿ ಅಂತ ಯಶೋಧರಾಗ ಕರುಳು ಚುರುಕ್ ಅಂತು" ಎಂದಿರಿ. ಎಲ್ಲರೂ ನಕ್ಕರು. ತನ್ನೂರಂತೆ! ಅದು ನಿಮ್ಮೂರಲ್ಲವೇ?

ಈಗ ಇನ್ನೊಂದು ಮಾತು ಕೇಳಿ. ಅಡ್ಡ ಬಂದವಳ ಬೆನ್ನು ನನ್ನ ಕಡೆಗಿತ್ತು. ಆಕೆಯ ಕಾಲು ಕಂಡಿತೇ ಹೊರತು, ಅಂಬಿಕಾ ತೋಳಿನಿಂದ ತಳ್ಳಿದಳೇ ಎಂಬುದು ನನಗೆ ಕಾಣಲಿಲ್ಲ. ಅದನ್ನು ಕೇಳಲೆಂದೇ ನಿಮ್ಮ ಹತ್ತಿರ ಬಂದೆ. "ತೋಳು ನಾ ನೋಡೀನವಾ" ಎಂದಿದ್ದರೆ ನನ್ನ ತೀರ್ಪು ಬಿಟ್ಟು ನಿಮ್ಮದನ್ನು ಒಪ್ಪುತ್ತಿದ್ದೆ. ಬಹುಶಃ ನೀವು ಕಂಡದ್ದೇ ಸರಿ ಇದ್ದೀತು. ಆದರೆ ಶಿಷ್ಯೆಯನ್ನು ನಾಲ್ಕು ಜನರೆದುರು ಒಂದು ಮಾತು ಕೇಳಿದರೆ ನಿಮ್ಮ ಹಿರಿತನ ಸವೆಯುತ್ತಿತ್ತು, ಅಲ್ಲವೇ?

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅಂಬಿಕಾ ಸಿಕ್ಕಳು. ಕಣ್ಣು ಊದಿತ್ತು. ಯಾರ ತೀರ್ಪು ಸರಿ ಎಂದು ಆಕೆ ಕೇಳಲೇ ಇಲ್ಲ. "ಅಕ್ಕಾ, ನೀವಿಬ್ಬರೂ ಮಾತಾಡೇ ನನ್ನ ಹೊರಗ ಹಾಕಿದ್ರೇನ್ರೀ?" ಅಂದಳು. ನಿಮ್ಮ ಮಾನ ಕಾಯಲು ನಾನು ಹೂಂ ಅಂದೆ ಸರ್, ಇಷ್ಟಾದ ಮೇಲೂ.

"ಹಂಗಿದ್ರ ತಪ್ಪು ನಂದೇ ಇರ್ಬೇಕು ಬಿಡ್ರೀ" ಎಂದು ಬಸ್ ಹತ್ತಿದಳು.

ತಪ್ಪಾಯಿತು ಎಂಬ ಮಾತಿಗೆ ಕಾಯುತ್ತಿದ್ದೀರಲ್ಲ, ಅದನ್ನು ಹೇಳುತ್ತೇನೆ, ಆದರೆ ನಿಮಗಲ್ಲ. ಭಾನುವಾರದ ಪಂದ್ಯ ಯಾರಿಗೆ ಬೇಕೋ ಕೊಡಿ. ಅವತ್ತು ನಾನು ಕಮಲಾಪುರಕ್ಕೆ ಹೋಗಿ, ನಾವಿಬ್ಬರೂ ಮಾತಾಡಿರಲಿಲ್ಲ ಎಂದು ಅಂಬಿಕಾಳಿಗೆ ಹೇಳಿ ಬರುತ್ತೇನೆ. ಆಕೆಯ ಮುಖ ನೋಡುವ ಧೈರ್ಯವಿದ್ದರೆ ನೀವೂ ಬನ್ನಿ.

ನಿಮ್ಮ ಆರೋಗ್ಯ ಚೆನ್ನಾಗಿರಲಿ. ಇದು ಮಾತ್ರ ಅಭ್ಯಾಸಕ್ಕೆ ಬರೆದದ್ದಲ್ಲ.

ನಿಮ್ಮಿಂದಲೇ ಸೀಟಿ ಹಿಡಿಯಲು ಕಲಿತ,
ಯಶೋಧರಾ