ಅರವತ್ತಮೂರನೆಯ ರಕ್ತ

ಮಾರ್ಚ್ ೧೨, ಗುರುವಾರ

ಪಾತ್ರೆ ಕುಕ್ಕಿದ್ದಕ್ಕೆ ಅತ್ತೆ, "ಲ್ಯಾಬಿನ ಸಿಟ್ಟನ್ನ ನನ್ನ ಪಾತ್ರೆ ಮೇಲೆ ತೀರಿಸ್ಕೋಬೇಡ ಕಣೆ" ಅಂದರು. ಸರಿಯೇ. ಸಿಟ್ಟು ತೋರಿಸಬೇಕಾದವರ ಮುಂದೆ ತಲೆಯಾಡಿಸಿ ಬಂದಿದ್ದೆ.

ರಕ್ತಕಣ ಎಣಿಸುವ ಹೊಸ ಯಂತ್ರವನ್ನು ಕೊಳ್ಳುವ ಮೊದಲು ಒರೆಗೆ ಹಚ್ಚುವ ಕೆಲಸ ನನ್ನದು. ನೂರು ಜನರ ರಕ್ತವನ್ನು ಯಂತ್ರಕ್ಕೂ ಕೊಟ್ಟು, ಮೈಕ್ರೋಸ್ಕೋಪಿನಲ್ಲಿ ನಾನೂ ನೋಡಿದೆ. ತೊಂಬತ್ತೊಂಬತ್ತು ತಾಳೆಯಾದವು. ಅರವತ್ತಮೂರನೆಯದಕ್ಕೂ ಆ ಹಾಳು ಯಂತ್ರ ಕೋಲೆಬಸವನ ಹಾಗೆ ತಲೆಯಾಡಿಸಿ ‘ಎಲ್ಲ ಸರಿ’ ಎಂದಿತು. ಗಾಜಿನ ಮೇಲೆ ಸವರಿ ನೋಡಿದರೆ ಕ್ಯಾನ್ಸರಿನ ಕಣಗಳು. ಹನ್ನೊಂದು. ಕಣ್ಣುಜ್ಜಿಕೊಂಡು ಮತ್ತೆ ಎಣಿಸಿದೆ, ಹನ್ನೊಂದೇ.

ಲ್ಯಾಬಿನ ಮುಖ್ಯಸ್ಥರು ಹಾಳೆ ತಿರುವಿ, "ಒಂದಕ್ಕೋಸ್ಕರ ಇಡೀ ವರದಿ ಯಾಕಮ್ಮ ಕೆಡಿಸ್ತೀಯ? ತೆಗೆದುಬಿಡು" ಅಂದರು. ಗೀಟನ್ನೂ ಅವರೇ ಎಳೆದರು.

ಆ ರೋಗಿಯ ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ಅವನೇನೋ ಕಣ್ಣಿಗೆ ಬಿದ್ದ. ಸೋಮವಾರದಿಂದ ಮೈಕ್ರೋಸ್ಕೋಪಿಗೆ ಹೊದಿಕೆ, ಯಂತ್ರದ್ದೇ ಕೊನೆಯ ಮಾತು.

ಉಳಿದ ತೊಂಬತ್ತೊಂಬತ್ತೂ ತಪಾಸಣೆಗೆಂದು ಬಂದ ಗಟ್ಟಿಮುಟ್ಟಾದ ಜನ. ನೂರರಲ್ಲಿ ಕಾಯಿಲೆಯವನು ಅವನೊಬ್ಬನೇ, ಗೀಟು ಬಿದ್ದದ್ದೂ ಅವನ ಮೇಲೆಯೇ. ವರದಿಯಲ್ಲೀಗ ಶೇಕಡಾ ನೂರು ತಾಳೆ.

ಅದರ ಕೆಳಗಿನ ಸಹಿ ನನ್ನದು.