ಗಾಡಿಯ ಕೆಳಗಿನ ರಟ್ಟು

ಮಾವನವರಿಗೆ,

ನಮಸ್ಕಾರ. ಕ್ಷೇಮ ಸಮಾಚಾರ ಆಮೇಲೆ, ಮೊದಲು ಜಗಳ ಮುಗಿಸೋಣ. ಫೋನ್ ಮಾಡಿದರೆ ನೀವು ‘ಹ್ಞೂಂ’ ಅಂದು ನಾದಿನಿಯ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ದಾಟಿಸಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಸೋಮವಾರ ಆಸ್ಪತ್ರೆ ರಸ್ತೆಯ ಏರಿನಲ್ಲಿ ಗಾಡಿ ನಿಂತಿತು. ನೀವು ನನಗೆ ಕೊಟ್ಟ, ನಾನು ಹತ್ತು ಜನಕ್ಕೆ ಡ್ರೈವಿಂಗ್ ಕಲಿಸುವ ಅದೇ ಹಳೇ ಕಾರು. ಸ್ಟೇರಿಂಗ್ ಹಿಡಿದಿದ್ದವಳು ಹೊಸದಾಗಿ ಸೇರಿದ ಟೈಲರಮ್ಮ. ಕೆಂಪು ದೀಪ ಹತ್ತಿತು, ಎಂಜಿನ್ ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು. ಪಾಪ, ತಾನೇ ಏನೋ ಒತ್ತಬಾರದ್ದನ್ನು ಒತ್ತಿದೆ ಅಂದುಕೊಂಡು ಅತ್ತೇಬಿಟ್ಟಳು. ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆದರೆ ಕಡ್ಡಿಯ ತುದಿಗೂ ಆಯಿಲ್ ಅಂಟಿರಲಿಲ್ಲ. ಮೂರು ತಿಂಗಳು ಒಂದು ಗೆರೆಯೂ ಇಳಿಯದ ಆಯಿಲ್, ನೀವು ಮಗಳ ಮನೆಗೆ ಹೋದ ಇಪ್ಪತ್ತಾರು ದಿನದಲ್ಲಿ ಎಲ್ಲಿ ಮಾಯವಾಯಿತು ಮಾವ? ಅದೂ ನಿಮ್ಮ ಹಿಂದೆಯೇ ಬಸ್ಸು ಹತ್ತಿತೇ?

ಗಾಡಿ ಎಳೆಸಲು ಹಗ್ಗ ಬೇಕಿತ್ತು. ಮನೆಗೆ ಬಂದು ನಿಮ್ಮ ಮಂಚದ ಕೆಳಗೆ ಕೈ ಹಾಕಿದೆ. ಹಗ್ಗದ ಜೊತೆ ಆರು ಖಾಲಿ ಡಬ್ಬಿ ಸಿಕ್ಕವು, ಎಲ್ಲ ನಿಮ್ಮ ಲಾರಿ ಕಾಲದ ಸಾದಾ ಆಯಿಲ್. ಹಳೇ ಬನಿಯನ್ನಿನಲ್ಲಿ ಸುತ್ತಿಟ್ಟ ಒಂದು ಆಲಿಕೆ. ಅವುಗಳ ಹಿಂದೆ ಕಪ್ಪು ಮಚ್ಚೆ ಬಿದ್ದ ರಟ್ಟುಗಳು, ಒಂದಲ್ಲ ಎರಡಲ್ಲ, ಮೊಣಕಾಲೆತ್ತರ.

ಆಯಿಲ್ ಬದಲಿಸಿದ ದಿನ ನಾವು ಎಷ್ಟು ಕಿತ್ತಾಡಿದ್ದೆವು! ದಿನಪೂರ್ತಿ ಕಲಿಯುವವರ ಕೈಯಲ್ಲಿ ಒಂದನೇ ಗೇರಿನಲ್ಲಿ ನರಳುವ ಎಂಜಿನ್, ಆ ಬಿಸಿ ತಡೆಯುವುದು ಸಿಂಥೆಟಿಕ್ ಒಂದೇ ಅಂದೆ ನಾನು. ನೀವು, “ಮೂರು ಲಕ್ಷ ಕಿಲೋಮೀಟರ್ ಓಡಿದೆಯಮ್ಮಾ. ಆಯಿಲ್ ತಡೆಯೋ ಸೀಲುಗಳೆಲ್ಲ ಸವೆದಿವೆ. ಆ ತೆಳು ಆಯಿಲ್ ಇದ್ರಲ್ಲಿ ನಿಲ್ಲಲ್ಲ, ಸೋರುತ್ತೆ. ಸಾದಾದೇ ಹಾಕು, ಬೇಗ ಬೇಗ ಬದಲಿಸು” ಅಂದಿರಿ. ಕೊನೆಗೆ ಸಿಂಥೆಟಿಕ್ಕನ್ನೇ ತುಂಬಿಸಿ, ಸೋರಿದರೆ ಗೊತ್ತಾಗಲಿ ಅಂತ ಗಾಡಿಯ ಕೆಳಗೆ ರಟ್ಟು ಹಾಸಿದವಳು ನಾನೇ. ದಿನಾ ಬೆಳಿಗ್ಗೆ ಅದನ್ನು ಎಳೆದು ನಿಮ್ಮ ಮುಖಕ್ಕೆ ಹಿಡಿಯುತ್ತಿದ್ದೆ, “ನೋಡಿ, ಒಂದು ಹನಿ ಇಲ್ಲ.” ನೀವು ಕಾಫಿ ಲೋಟದೊಳಗೆ ನೋಡುತ್ತಾ, “ಆಯ್ತಮ್ಮಾ, ನೀನೇ ಗೆದ್ದೆ” ಅನ್ನುತ್ತಿದ್ದಿರಿ.

ಗೆದ್ದೆನಂತೆ! ನಾನು ಏಳುವ ಮೊದಲೇ ರಟ್ಟು ಬದಲಿಸಿ, ಆಯಿಲ್ ಗೆರೆ ಮುಟ್ಟಿಸಿ, ಏನೂ ಅರಿಯದವರಂತೆ ಪೇಪರ್ ಹಿಡಿದು ಕೂರುತ್ತಿದ್ದಿರಲ್ಲ, ಚಪ್ಪಲಿ ಹಾಕಿಕೊಳ್ಳಲು ಗೋಡೆ ಹಿಡಿಯುವ ನೀವು ಗಾಡಿಯ ಕೆಳಗೆ ಬಗ್ಗಿದ್ದಾದರೂ ಹೇಗೆ? ನಿಮ್ಮ ಮಗನನ್ನು ಕೇಳಿದೆ. “ನಂಗೆ ಗೊತ್ತಿತ್ತು. ಹೇಳ್ಬೇಡ ಅಂದ್ರು ಅಪ್ಪ. ಪಾಠ ಹೇಳೋಕೆ ಹೋಗೋ ಹೊತ್ತಲ್ಲಿ ಅವಳ ಮುಖ ಸಣ್ಣದಾಗಬಾರ್ದು ಅಂದ್ರು” ಅಂದರು. ತಂದೆಗೆ ತಕ್ಕ ಮಗ. ನನಗೆ ಮೈಯೆಲ್ಲ ಉರಿಯಿತು, ಅಳುವೂ ಬಂತು.

ಏಕೆಂದರೆ ನೀವು ಹೊರಡುವ ಹಿಂದಿನ ದಿನ, ಕಲಿಯಲು ಬಂದ ನಾಲ್ವರ ಎದುರು ನಾನು ಅಂದ ಮಾತು ನೆನಪಾಯಿತು. ನೀವು ಬಾನೆಟ್ ಮೇಲೆ ಕೈಯಿಟ್ಟು ನಿಂತಿದ್ದಿರಿ. “ಮಾವ, ಇದು ಲಾರಿ ಅಲ್ಲ, ಈಗ ನಿಮ್ಮ ಗಾಡಿಯೂ ಅಲ್ಲ. ಕೈ ಹಾಕಬೇಡಿ.” ನೀವು ಕೈ ತೆಗೆದು ಅಂಗಿಗೆ ಒರೆಸಿಕೊಂಡಿರಿ. ಮಾರನೆಯ ದಿನ “ಮಗಳನ್ನ ನೋಡಿ ತುಂಬಾ ದಿನ ಆಯ್ತು” ಅಂತ ಬ್ಯಾಗ್ ತುಂಬಿದಿರಿ. ಆಮೇಲೆ ನಾನು ರಟ್ಟು ಎಳೆದೂ ನೋಡಲಿಲ್ಲ, ತೋರಿಸಲು ನೀವಿರಲಿಲ್ಲವಲ್ಲ. ಹಟಮಾರಿ ಮನುಷ್ಯ! ಒಂದೇ ಒಂದು ಸಲ ಆ ಮಚ್ಚೆಯ ರಟ್ಟನ್ನು ನನ್ನ ಮುಖಕ್ಕೆ ಹಿಡಿದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಮೆಕ್ಯಾನಿಕ್ ಎಂಜಿನ್ ಬಿಚ್ಚಿ ನೋಡಿ, ಪುಣ್ಯಕ್ಕೆ ಉಳಿಯುತ್ತೆ ಅಂದ. “ಒಳಗೆ ಕ್ಲೀನಾಗಿದೆ, ಅದು ಸಿಂಥೆಟಿಕ್ ಕೆಲಸ. ಸೋರಿದ್ದೂ ಅದರಿಂದಾನೇ. ಸವೆದ ಸೀಲಿಗೆ ಹಳೇ ಕೊಳೆನೇ ಅಡ್ಡ ನಿಂತಿತ್ತು, ಅದನ್ನ ಇದು ತೊಳೆದುಬಿಡ್ತು.” ಅಂದರೆ ನಾವಿಬ್ಬರೂ ಅರ್ಧರ್ಧ ಸರಿ. ಇದಕ್ಕಿಂತ ಸಿಟ್ಟು ಬರಿಸುವ ತೀರ್ಪು ಇನ್ನೊಂದಿದೆಯೇ? ಈಗ ಹೊಸ ಸೀಲು ಹಾಕಿ, ಯಾವ ಆಯಿಲ್ ತುಂಬಲಿ ಅಂತ ದಿನಾ ಫೋನ್ ಮಾಡುತ್ತಾನೆ. ಎರಡೂ ನಡೆಯುತ್ತೆ, ಆದರೆ ವಾರಕ್ಕೊಮ್ಮೆ ಕಡ್ಡಿ ಎಳೆದು ನೋಡುವವರು ಬೇಕು ಅನ್ನುತ್ತಾನೆ.

ನಾನಿನ್ನೂ ಹೇಳಿಲ್ಲ. ಗಾಡಿ ಖಾಲಿ ಎಂಜಿನ್ ಇಟ್ಟುಕೊಂಡು ಗ್ಯಾರೇಜಿನಲ್ಲಿ ನಿಂತಿದೆ. ಕಲಿಯುವವರಲ್ಲಿ ಇಬ್ಬರು ಆಗಲೇ ಬೇರೆ ಕಡೆ ಸೇರಿದರು. ನಾನೊಬ್ಬಳೇ ತೀರ್ಮಾನ ಮಾಡಿದರೆ ಏನಾಗುತ್ತದೆ ಅಂತ ಆ ಏರಿನಲ್ಲಿ ನೋಡಿದ್ದಾಯಿತು. ನೀವು ಬರಬೇಕು. ಕೈ ಹಾಕಬೇಡಿ ಅಂದದ್ದು ನನ್ನ ತಪ್ಪು. ನಾಲ್ವರ ಎದುರು ಅಂದಿದ್ದೆ, ನಾಲ್ವರ ಎದುರೇ ತಪ್ಪಾಯಿತು ಅನ್ನುತ್ತೇನೆ. ಆದರೆ ಜಗಳ ಬಿಟ್ಟಿದ್ದೇನೆ ಅಂದುಕೊಳ್ಳಬೇಡಿ. ನಾನು ಈಗಲೂ ಸಿಂಥೆಟಿಕ್ ಕಡೆಯೇ. ಎದುರು ನಿಂತು ಬೈದು ಸೋಲಿಸಿ, ಸುಮ್ಮನೆ ಗೆಲ್ಲಿಸಬೇಡಿ.

ಮಂಚದ ಕೆಳಗಿನದನ್ನೆಲ್ಲ ಎಸೆದಿದ್ದೇನೆ. ಬರುವಾಗ ಹೊಸ ರಟ್ಟು ಹೊಂದಿಸಿಕೊಂಡು ಬರಬೇಡಿ. ಇನ್ನು ಗಾಡಿಯ ಕೆಳಗೆ ಒಂದೇ ರಟ್ಟು. ಸೋರಿದರೆ ಸೋರಿದ್ದು ಇಬ್ಬರಿಗೂ ಕಾಣಲಿ.

ಉಳಿದಂತೆ ಎಲ್ಲರೂ ಕ್ಷೇಮ. ನಿಮ್ಮ ಮೊಣಕಾಲುಗಳು ನೂರು ವರ್ಷ ಬಾಳಲಿ.

ಸಿಟ್ಟಿನಲ್ಲೇ ದಾರಿ ಕಾಯುತ್ತಿರುವ,
ನಿಮ್ಮ ಸೊಸೆ