ಅರ್ಥವಾಗದ ಕುಂಯ್

ಮಂಗಳವಾರ, ಹದಿನಾಲ್ಕು.

ಹಳೇ ಕಾರಿನ ಸ್ಪೀಕರ್ ಇವತ್ತೂ ಕುಂಯ್‌ಗುಟ್ಟಿತು. ಆಕ್ಸಿಲರೇಟರ್ ಒತ್ತಿದಷ್ಟೂ ಅದರ ಶ್ರುತಿ ಏರುತ್ತದೆ. "ಈ ಸೊಳ್ಳೆ ಸಾಯೋವರೆಗೂ ನಾನು ಕಾರು ಹತ್ತಲ್ಲ," ಅಂದಳು ಹೆಂಡತಿ. ಸ್ಪೀಕರ್ ಬದಲಿಸಿದ್ದಾಯಿತು, ಅದರ ವೈರೂ ಬದಲಿಸಿದ್ದಾಯಿತು. ಆದರೂ ಬಿಡುವ ಆಸಾಮಿಯಲ್ಲ ನಾನು. ಎಲೆಕ್ಟ್ರಿಷಿಯನ್‌ಗೆ ಫೋನಿನಲ್ಲೇ ಸದ್ದು ಕೇಳಿಸಿದೆ.

"ಅರ್ತ್ ಆಗಿಲ್ಲ ಸಾರ್."

"ನನಗೂ ಅರ್ಥ ಆಗಿಲ್ಲ ಕಣಯ್ಯಾ, ಅದಕ್ಕೇ ಫೋನ್ ಮಾಡಿದ್ದು!" ಎಂದು ರೇಗಿ ಇಟ್ಟೆ.

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಬಿದ್ದು ಬಿದ್ದು ನಕ್ಕಳು. "ರೀ, ಅವ್ರು ಹೇಳಿದ್ದು ಅರ್ತ್ ವೈರು!"

ಸ್ಟಿರಿಯೋ ಹಿಂದೆ ಕೈ ಹಾಕಿದರೆ, ಆ ವೈರಿನ ಸ್ಕ್ರೂ ಪೇಂಟಿನ ಮೇಲೆ ಹಾಯಾಗಿ ಕೂತಿದೆ, ತಗಡಿಗೆ ತಾಗಿಯೇ ಇಲ್ಲ! ಪೇಂಟು ಉಜ್ಜಿ ತೆಗೆದು ಬಿಗಿದೆ. ಸೊಳ್ಳೆ ಸತ್ತಿತು. ಹೆಂಡತಿ ಬಾಗಿಲು ತೆಗೆದು ಕೂತಳು.

ಎಲೆಕ್ಟ್ರಿಷಿಯನ್‌ಗೆ ಮತ್ತೆ ಫೋನ್ ಮಾಡಲೇಬೇಕಾಯಿತು.

"ಅರ್ತ್ ಆಯ್ತಾ ಸಾರ್?"

"ಎರಡೂ ಆಯ್ತು ಕಣಪ್ಪಾ."